ಆಮ್ಲದಲ್ಲಿ ಬದುಕಿ ಕಬ್ಬಿಣ ತಿನ್ನುವವು

(ವಿಜ್ಞಾನದಲ್ಲಿ ಆಸಕ್ತಿ ಇರುವವರ ಒಂದು ಸಭೆಯಲ್ಲಿ ಮಾತಾಡಿದ್ದನ್ನು ಬರಹಕ್ಕೆ ಇಳಿಸಿದ್ದೇನೆ. ಮಾತಿನ ಮಧ್ಯೆ ದಾರಿ ತಪ್ಪಿದ ಕಡೆ ಹಾಗೇ ಬಿಟ್ಟಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ.

ಎರಡು ಗಾಜಿನ ಫ್ಲಾಸ್ಕುಗಳಿಂದ ಶುರು ಮಾಡೋಣ. ಎರಡರಲ್ಲೂ ನೀರು, ಅದಕ್ಕೆ ಸಲ್ಫ್ಯೂರಿಕ್ ಆಮ್ಲ ಹಾಕಿ ಪಿಎಚ್ ಅನ್ನು 2ರ ಹತ್ತಿರಕ್ಕೆ ಇಳಿಸಿದ್ದಾರೆ (ಪಿಎಚ್ ಅಂದರೆ ಆಮ್ಲದ ಅಳತೆ, ಸಂಖ್ಯೆ ಕಮ್ಮಿ ಆದಷ್ಟೂ ಆಮ್ಲ ಜಾಸ್ತಿ). ಅದರಲ್ಲಿ ಫೆರಸ್ ಸಲ್ಫೇಟ್ ಕರಗಿದೆ, ಲೀಟರಿಗೆ ಸುಮಾರು 9 ಗ್ರಾಂ ಕಬ್ಬಿಣ ಆಗುವಷ್ಟು. ಜೊತೆಗೆ ಅಮೋನಿಯಂ, ಪೊಟ್ಯಾಸಿಯಂ, ಫಾಸ್ಫೇಟ್, ಮೆಗ್ನೀಸಿಯಂ ಲವಣಗಳು ಚೂರುಚೂರು. ಅಷ್ಟೇ. ಸಕ್ಕರೆ ಇಲ್ಲ, ಪ್ರೋಟೀನ್ ಇಲ್ಲ, ನಾವು ಊಟ ಅಂತ ಕರೆಯುವಂಥದ್ದು ಏನೂ ಇಲ್ಲ. 1959ರಲ್ಲಿ ಸಿಲ್ವರ್‌ಮನ್ ಮತ್ತು ಲಂಡ್‌ಗ್ರೆನ್ ಎಂಬಿಬ್ಬರು ರೂಪಿಸಿದ ಈ ದ್ರವಕ್ಕೆ 9ಕೆ ಮಾಧ್ಯಮ ಅಂತ ಹೆಸರು, ಲ್ಯಾಬುಗಳಲ್ಲಿ ಇವತ್ತಿಗೂ ಬಳಸುತ್ತಾರೆ. ನೋಡೋಕೆ ತಿಳಿ ಹಸಿರು.

ಒಂದು ಫ್ಲಾಸ್ಕಿಗೆ ಮಾತ್ರ ಅಸಿಡಿಥಯೋಬ್ಯಾಸಿಲಸ್ ಫೆರೋಆಕ್ಸಿಡಾನ್ಸ್ ಅನ್ನುವ ಬ್ಯಾಕ್ಟೀರಿಯಾ ಹಾಕಿ, ಎರಡನ್ನೂ 30 ಡಿಗ್ರಿಯಲ್ಲಿ ಅಲುಗಾಡಿಸುತ್ತಾ ಇಡಿ. ಕೆಲವು ದಿನ ಬಿಟ್ಟು ನೋಡಿದರೆ ಬ್ಯಾಕ್ಟೀರಿಯಾ ಹಾಕಿದ್ದು ಮೊದಲು ಕಿತ್ತಳೆ ಬಣ್ಣಕ್ಕೆ ತಿರುಗಿ, ಆಮೇಲೆ ಕಡು ಕೆಂಪುಕಂದು ಆಗಿರುತ್ತದೆ. ಗಾಜಿನ ಒಳಗೋಡೆಗೆ ಹಳದಿ ಪುಡಿ ಮೆತ್ತಿಕೊಂಡಿರುತ್ತದೆ, ಉಜ್ಜಿದರೂ ಸುಲಭಕ್ಕೆ ಬಿಡುವುದಿಲ್ಲ. ಅದು ಜಾರೋಸೈಟ್ ಅನ್ನುವ ಖನಿಜ, ಆಮೇಲೆ ಅದರ ಹತ್ತಿರ ಬರುತ್ತೇನೆ. ಇನ್ನೊಂದು ಫ್ಲಾಸ್ಕು? ಹಾಗೇ ಹಸಿರು. ಗಾಳಿ ಇದೆ, ಆಕ್ಸಿಜನ್ ಇದೆ, ಕಬ್ಬಿಣ ಇದೆ, ಆದರೂ ಏನೂ ಆಗಿಲ್ಲ.

ಕೆಂಪಾದ ಫ್ಲಾಸ್ಕಿನಿಂದ ಒಂದು ಹನಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮೊದಲಿಗೆ ನಿರಾಸೆಯೇ ಆಗುತ್ತದೆ. ಅರ್ಧ ಮೈಕ್ರೋಮೀಟರ್ ದಪ್ಪದ, ಒಂದೆರಡು ಮೈಕ್ರೋಮೀಟರ್ ಉದ್ದದ ಕಡ್ಡಿಗಳು ಅಲ್ಲೊಂದು ಇಲ್ಲೊಂದು ಓಡಾಡುತ್ತಿರುತ್ತವೆ. ಇಷ್ಟೇ ಇಷ್ಟು ಜೀವಿಗಳು ಸೇರಿ ಅಷ್ಟು ಕಬ್ಬಿಣದ ಬಣ್ಣ ಬದಲಾಯಿಸಿದವಾ ಅನಿಸುತ್ತದೆ. ಹೌದು, ಇವೇ. ಇವು ಯಾಕೆ ಕಡಿಮೆ, ಕೆಲಸ ಯಾಕೆ ಜಾಸ್ತಿ, ಇವತ್ತಿನ ಮಾತೆಲ್ಲಾ ಅದರ ಸುತ್ತಲೇ.

ಆಗಿದ್ದು ಇಷ್ಟು. ಫೆರಸ್ ಕಬ್ಬಿಣ ಒಂದು ಎಲೆಕ್ಟ್ರಾನ್ ಕಳೆದುಕೊಂಡು ಫೆರಿಕ್ ಕಬ್ಬಿಣ ಆಯಿತು. ಶಾಲೆಯಲ್ಲಿ ಉತ್ಕರ್ಷಣ ಅಂತ ಕಲಿತದ್ದು ಇದೇ. ಆ ಎಲೆಕ್ಟ್ರಾನನ್ನು ಬ್ಯಾಕ್ಟೀರಿಯಾ ಇಸಿದುಕೊಂಡು ಆಕ್ಸಿಜನ್ನಿಗೆ ಕೊಟ್ಟಿತು, ನಡುವೆ ಸಿಕ್ಕ ಶಕ್ತಿಯಲ್ಲಿ ಬದುಕಿತು. ಆದರೆ ಸಿಗುವ ಶಕ್ತಿ ತೀರಾ ಕಡಿಮೆ. ಒಂದು ಮೋಲ್ ಗ್ಲೂಕೋಸ್ ಪೂರ್ತಿ ಉರಿದರೆ ಸುಮಾರು 2,870 ಕಿಲೋಜೂಲ್ ಬರುತ್ತದೆ. ಒಂದು ಮೋಲ್ ಫೆರಸ್ ಕಬ್ಬಿಣದಿಂದ ಬರುವುದು 30 ಕಿಲೋಜೂಲ್ ಆಸುಪಾಸು. ಹಾಗಾಗಿ ಒಂದು ಗ್ರಾಂ ತೂಕದ ಜೀವಕೋಶ ಬೆಳೆಯಬೇಕಾದರೆ ನೂರು ಗ್ರಾಂ ಆಸುಪಾಸಿನಷ್ಟು, ಕೆಲವೊಮ್ಮೆ ಅದಕ್ಕೂ ಜಾಸ್ತಿ, ಕಬ್ಬಿಣ ಇದರ ಮೈಮೇಲೆ ಹಾದುಹೋಗಬೇಕು. ಬಡತನದ ಬದುಕು ಅಂದರೆ ಇದು. ಬಡತನ ಜಾಸ್ತಿ ಆದಷ್ಟೂ ಸುತ್ತಲಿನ ಲೋಕದ ಮೇಲೆ ಪರಿಣಾಮ ಜಾಸ್ತಿ.

ಈಗ ಆಮ್ಲದ ವಿಷಯ. ಇಂಥ ಜೀವಿಗಳ ಬಗ್ಗೆ ಬರೆಯುವವರೆಲ್ಲಾ "ಎಂಥಾ ಕಠಿಣ ಜಾಗದಲ್ಲೂ ಬದುಕುವ ವೀರರು" ಅನ್ನುವ ಧಾಟಿ ಹಿಡಿಯುತ್ತಾರೆ. ನನಗೆ ಆ ಧಾಟಿ ಅಷ್ಟು ಹಿಡಿಸುವುದಿಲ್ಲ. ಇದು ಆಮ್ಲವನ್ನು ಸಹಿಸಿಕೊಂಡು ಕೂತಿಲ್ಲ, ಆಮ್ಲ ಇದ್ದರೇನೇ ಇದಕ್ಕೆ ಊಟ. ಪಿಎಚ್ 7ರ ನೀರಿನಲ್ಲಿ ಗಾಳಿ ಸಾಕಷ್ಟು ಇದ್ದರೆ ಫೆರಸ್ ಕಬ್ಬಿಣ ನಿಮಿಷಗಳ ಲೆಕ್ಕದಲ್ಲಿ ತಾನಾಗೇ ಆಕ್ಸಿಜನ್ ಜೊತೆ ಸೇರಿ ತುಕ್ಕಾಗಿ ತಳ ಸೇರುತ್ತದೆ. ಬ್ಯಾಕ್ಟೀರಿಯಾ ಬಂದು ತಟ್ಟೆ ಹಾಕುವಷ್ಟರಲ್ಲಿ ಊಟ ಖಾಲಿ. ಅದೇ ಪಿಎಚ್ 3ಕ್ಕೆ ಬನ್ನಿ, ಅಷ್ಟೇ ಕಬ್ಬಿಣ ತಾನಾಗೇ ಉತ್ಕರ್ಷಣೆ ಆಗೋಕೆ ವರ್ಷಗಳು ಬೇಕು. ಎರಡನೇ ಫ್ಲಾಸ್ಕು ಹಸಿರಾಗೇ ಉಳಿದದ್ದು ಅದಕ್ಕೇ. ಆಮ್ಲದಲ್ಲಿ ಆಕ್ಸಿಜನ್ ಸೋಮಾರಿ, ಕಬ್ಬಿಣ ಹಾಗೇ ಉಳಿಯುತ್ತದೆ, ಆ ಸೋಮಾರಿತನವೇ ಈ ಜೀವಿಯ ಜೀವನೋಪಾಯ. ಪಿಎಚ್ 7ರ ಸುತ್ತಮುತ್ತ ಕಬ್ಬಿಣ ತಿನ್ನುವ ಬೇರೆ ಬ್ಯಾಕ್ಟೀರಿಯಾಗಳೂ ಇವೆ, ಗ್ಯಾಲಿಯೋನೆಲ್ಲಾ ಅಂತ ಒಂದು. ಅವು ಆಕ್ಸಿಜನ್ ತೀರಾ ಕಮ್ಮಿ ಇರುವ ಅಂಚುಗಳನ್ನು ಹುಡುಕಿಕೊಂಡು ಹೋಗಬೇಕು, ಪಾಪ.

ಇನ್ನೊಂದು ಲಾಭವೂ ಇದೆ. ಫೆರಿಕ್ ಕಬ್ಬಿಣ ಆಮ್ಲದಲ್ಲಿ ಕರಗಿಯೇ ಇರುತ್ತದೆ. ಪಿಎಚ್ 3 ದಾಟಿದರೆ ಗಟ್ಟಿಯಾಗಿ ಇಳಿದುಬಿಡುತ್ತದೆ. ಈ ಬ್ಯಾಕ್ಟೀರಿಯಾದ ಹೊಟ್ಟೆಯೊಳಗಿನ ಪಿಎಚ್ ಸುಮಾರು 6.5, ಅಂದರೆ ಹೊರಗೆ ಆಮ್ಲ ಇದ್ದರೂ ಒಳಗೆ ನಮ್ಮ ನಿಮ್ಮ ಜೀವಕೋಶಗಳ ಹಾಗೇ. ಕಬ್ಬಿಣವನ್ನು ಒಳಗೆ ತಂದುಕೊಂಡು ಉತ್ಕರ್ಷಣೆ ಮಾಡಿದರೆ ಒಳಗೆಲ್ಲಾ ತುಕ್ಕು ಕಟ್ಟಿ ಕತೆ ಮುಗಿಯುತ್ತದೆ. ಹಾಗಾಗಿ ಅದು ಊಟದ ಕಬ್ಬಿಣವನ್ನು ಒಳಗೆ ಬಿಟ್ಟುಕೊಳ್ಳುವುದೇ ಇಲ್ಲ. ಹೊರಪೊರೆಯಲ್ಲಿ ಸಿವೈಸಿ2 ಅಂತ ಒಂದು ಸೈಟೋಕ್ರೋಮ್, ಅಂದರೆ ಎಲೆಕ್ಟ್ರಾನ್ ದಾಟಿಸುವ ಪ್ರೋಟೀನ್ ಕೂತಿದೆ. ಕಬ್ಬಿಣ ಹೊರಗಿನಿಂದ ಬಂದು ತಾಕುತ್ತದೆ, ಎಲೆಕ್ಟ್ರಾನ್ ಕೊಡುತ್ತದೆ, ಹೊರಗಿನಿಂದಲೇ ಹೊರಟುಹೋಗುತ್ತದೆ. ಎಲೆಕ್ಟ್ರಾನ್ ಮಾತ್ರ ಒಳಕ್ಕೆ. ಅಲ್ಲಿಂದ ಅದು ಎರಡು ಪೊರೆಗಳ ನಡುವೆ ಇರುವ ರಸ್ಟಿಸಯನಿನ್ ಎಂಬ ನೀಲಿ ಬಣ್ಣದ ತಾಮ್ರದ ಪ್ರೋಟೀನಿಗೆ, ಆಮೇಲೆ ಇನ್ನೊಂದು ಸೈಟೋಕ್ರೋಮಿಗೆ, ಕೊನೆಗೆ ಒಳಪೊರೆಯಲ್ಲಿರುವ ಆಕ್ಸಿಡೇಸ್ ಕಿಣ್ವಕ್ಕೆ ಹೋಗಿ ಆಕ್ಸಿಜನ್ನನ್ನು ನೀರಾಗಿಸುತ್ತದೆ. ಕಬ್ಬಿಣ ತಿನ್ನುವ ಜೀವಿಯ ಒಳಗೆ ಕಬ್ಬಿಣದ ಊಟ ಕಾಲಿಡುವುದೇ ಇಲ್ಲ ಅನ್ನುವುದು ನನಗೆ ಬಹಳ ಇಷ್ಟವಾದ ಸಂಗತಿ.

ಸ್ವಲ್ಪ ಇಲ್ಲೇ ನಿಲ್ಲುತ್ತೇನೆ, ಯಾಕೆಂದರೆ ಮುಂದಿನದ್ದು ಇನ್ನೂ ಚೆಂದ. ಹೊರಗೆ ಪಿಎಚ್ 2, ಒಳಗೆ 6.5. ನಾಲ್ಕೂವರೆ ಮೆಟ್ಟಿಲು ವ್ಯತ್ಯಾಸ, ಒಂದೊಂದು ಮೆಟ್ಟಿಲಿಗೆ ಹತ್ತು ಪಟ್ಟು, ಅಂದರೆ ಹೊರಗಿನ ಪ್ರೋಟಾನ್ (ಆಮ್ಲವನ್ನು ಆಮ್ಲ ಮಾಡುವ ಹೈಡ್ರೋಜನ್ ಅಯಾನು) ಸಾಂದ್ರತೆ ಒಳಗಿಗಿಂತ ಸುಮಾರು 30,000 ಪಟ್ಟು. ನಮ್ಮ ಜೀವಕೋಶಗಳ ಶಕ್ತಿಕೇಂದ್ರಗಳಾದ ಮೈಟೋಕಾಂಡ್ರಿಯಾ ಕಷ್ಟಪಟ್ಟು ಪ್ರೋಟಾನುಗಳನ್ನು ಪೊರೆಯ ಹೊರಗೆ ತಳ್ಳಿ, ಅವು ವಾಪಸ್ ಬರುವಾಗ ಜೀವಕೋಶ ಶಕ್ತಿಗೆ ಬಳಸುವ ಎಟಿಪಿ ಅನ್ನುವ ಅಣು ಮಾಡಿಕೊಳ್ಳುತ್ತವೆ. ಇದಕ್ಕೆ ಆ ವ್ಯತ್ಯಾಸ ಪುಕ್ಕಟೆ! ಬಾಗಿಲು ತೆಗೆದರೆ ಪ್ರೋಟಾನು ತಾನೇ ನುಗ್ಗುತ್ತದೆ, ಎಟಿಪಿ ತಯಾರು. ಹಾಗಾದರೆ ಕಬ್ಬಿಣ ಯಾತಕ್ಕೆ ಬೇಕು ಅಂತ ಕೇಳಬಹುದು. ಪುಕ್ಕಟೆ ಪ್ರೋಟಾನು ಒಳಗೆ ಬರುತ್ತಲೇ ಇದ್ದರೆ ಒಳಗೂ ಆಮ್ಲವಾಗಿ ಸಾಯುತ್ತದಲ್ಲ, ಒಳಬಂದದ್ದನ್ನು ಖಾಲಿ ಮಾಡಬೇಕು. ಕಬ್ಬಿಣದಿಂದ ಬಂದ ಎಲೆಕ್ಟ್ರಾನು, ಒಳಗೆ ನುಗ್ಗಿದ ಪ್ರೋಟಾನು, ಗಾಳಿಯ ಆಕ್ಸಿಜನ್ನು, ಮೂರೂ ಸೇರಿ ನೀರು. ಕಬ್ಬಿಣದ ಮುಖ್ಯ ಕೆಲಸವೇ ಈ ಪ್ರೋಟಾನುಗಳನ್ನು ಮುಗಿಸುವುದು.

ಒಂದು ತೊಡಕು ಉಳಿಯಿತು. ಈ ಜೀವಿ ಮೈ ಬೆಳೆಸಿಕೊಳ್ಳುವುದು ಗಾಳಿಯ ಕಾರ್ಬನ್ ಡೈಆಕ್ಸೈಡಿನಿಂದ, ಗಿಡಗಳ ಹಾಗೆ. ಅದಕ್ಕೆ ಎನ್‌ಎಡಿಎಚ್ ಬೇಕು, ಎಲೆಕ್ಟ್ರಾನುಗಳನ್ನು ಹೊತ್ತು ಕೊಡುವ ಅಣು ಅದು. ಕಬ್ಬಿಣದ ಎಲೆಕ್ಟ್ರಾನು ಕೂತಿರುವುದು 0.77 ವೋಲ್ಟಿನ ಮಟ್ಟದಲ್ಲಿ, ಎನ್‌ಎಡಿಎಚ್ ಇರುವುದು ಮೈನಸ್ 0.32ರಲ್ಲಿ. ಈ ಅಳತೆಯಲ್ಲಿ ಸಂಖ್ಯೆ ಕಮ್ಮಿ ಆದಷ್ಟೂ ಎಲೆಕ್ಟ್ರಾನಿನ ಶಕ್ತಿ ಜಾಸ್ತಿ, ಹಾಗಾಗಿ ಒಂದು ವೋಲ್ಟಿಗೂ ಜಾಸ್ತಿ ಏರು. ಆದ್ದರಿಂದ ರಸ್ಟಿಸಯನಿನ್ ಹತ್ತಿರ ದಾರಿ ಕವಲೊಡೆಯುತ್ತದೆ. ಬಹುಪಾಲು ಎಲೆಕ್ಟ್ರಾನು ಇಳಿಜಾರಿನಲ್ಲಿ ಆಕ್ಸಿಜನ್ ಕಡೆಗೆ ಹೋದರೆ, ಕೆಲವನ್ನು ಪ್ರೋಟಾನಿನ ಬಲದಿಂದ ಹಿಮ್ಮುಖವಾಗಿ ಮೇಲಕ್ಕೆ ತಳ್ಳಬೇಕು. ಶಕ್ತಿಯೆಲ್ಲಾ ಅಲ್ಲೇ ಖರ್ಚು. ಸೂಕ್ಷ್ಮದರ್ಶಕದಲ್ಲಿ ಅಷ್ಟು ಕಮ್ಮಿ ಕಡ್ಡಿಗಳು ಕಂಡದ್ದು ಯಾಕೆ ಅಂತ ಈಗ ಹೊಳೆಯಿತಲ್ವಾ.

ಫ್ಲಾಸ್ಕು ಬಿಟ್ಟು ಕಲ್ಲಿಗೆ ಹೋಗೋಣ. ಪೈರೈಟ್, ಅಂದರೆ ಕಬ್ಬಿಣ ಮತ್ತು ಗಂಧಕ ಸೇರಿದ, ಚಿನ್ನದ ಹಾಗೆ ಹೊಳೆದು ಜನರನ್ನು ಏಮಾರಿಸುವ ಖನಿಜ. "ಬ್ಯಾಕ್ಟೀರಿಯಾ ಪೈರೈಟನ್ನು ತಿನ್ನುತ್ತದೆ" ಅಂತ ಎಲ್ಲಾ ಕಡೆ ಓದಿರುತ್ತೀರಿ. ಪೈರೈಟನ್ನು ಒಡೆಯುವುದು ಬ್ಯಾಕ್ಟೀರಿಯಾ ಅಲ್ಲ, ಸಲ್ಫ್ಯೂರಿಕ್ ಆಮ್ಲವೂ ಅಲ್ಲ. ಬರೀ ಆಮ್ಲಕ್ಕೆ ಪೈರೈಟ್ ಜಗ್ಗುವುದಿಲ್ಲ. ಒಡೆಯುವುದು ಫೆರಿಕ್ ಕಬ್ಬಿಣ. ಒಂದು ಪೈರೈಟ್ ಘಟಕದ ಗಂಧಕ ಪೂರ್ತಿ ಸಲ್ಫೇಟ್ ಆಗಬೇಕಾದರೆ 14 ಫೆರಿಕ್ ಅಯಾನುಗಳು ಬೇಕು. ಆ ಹದಿನಾಲ್ಕೂ ಎಲೆಕ್ಟ್ರಾನ್ ಕಿತ್ತುಕೊಂಡು ಫೆರಸ್ ಆಗಿ ಕೈಚೆಲ್ಲುತ್ತವೆ, ಜೊತೆಗೆ ಪೈರೈಟಿನ ಕಬ್ಬಿಣವೂ ಸೇರಿ 15 ಫೆರಸ್. ಮೇಲೆ 16 ಪ್ರೋಟಾನು ಬಿಡುಗಡೆ. ಇಲ್ಲಿ ಬ್ಯಾಕ್ಟೀರಿಯಾ ಏನು ಮಾಡುತ್ತದೆ? ಮೊಂಡಾದ ಫೆರಸ್ಸನ್ನು ಮತ್ತೆ ಫೆರಿಕ್ ಮಾಡಿ ಕಳಿಸುತ್ತದೆ. ಕತ್ತಿ ಬೇರೆ, ಸಾಣೆ ಹಿಡಿಯುವವನು ಬೇರೆ. ಕಲ್ಲನ್ನು ಕಡಿಯುವ ಕತ್ತಿ ಫೆರಿಕ್, ಬ್ಯಾಕ್ಟೀರಿಯಾ ಸಾಣೆಯವನು.

1970ರಲ್ಲಿ ಸಿಂಗರ್ ಮತ್ತು ಸ್ಟಮ್ ಎಂಬ ವಿಜ್ಞಾನಿಗಳು ಈ ಚಕ್ರದ ಅತಿ ನಿಧಾನದ ಹೆಜ್ಜೆ ಯಾವುದು ಅಂತ ಅಳೆದು ತೋರಿಸಿದರು. ಅದು ಈ ಸಾಣೆ ಹಿಡಿಯುವ ಹೆಜ್ಜೆಯೇ. ಸೂಕ್ಷ್ಮಜೀವಿಗಳಿದ್ದರೆ ಆ ಹೆಜ್ಜೆ ಹತ್ತು ಲಕ್ಷ ಪಟ್ಟು ವೇಗವಾಗಬಹುದು ಅನ್ನುವುದು ಅವರ ಲೆಕ್ಕ. ಅಲ್ಲಿಂದ ಮುಂದೆ ಇಡೀ ಚಕ್ರ ತಾನೇ ತನಗೆ ಗೊಬ್ಬರ ಹಾಕಿಕೊಂಡಂತೆ ನಡೆಯುತ್ತದೆ. ಪೈರೈಟ್ ಒಡೆದಷ್ಟೂ ಆಮ್ಲ, ಆಮ್ಲ ಆದಷ್ಟೂ ಕಬ್ಬಿಣ ಕರಗಿ ಉಳಿಯುತ್ತದೆ, ಕಬ್ಬಿಣ ಉಳಿದಷ್ಟೂ ಬ್ಯಾಕ್ಟೀರಿಯಾ.

ಹಾಗಂತ ಬ್ಯಾಕ್ಟೀರಿಯಾ ದೂರದಲ್ಲಿ ತೇಲಿಕೊಂಡು ಇರುವುದಿಲ್ಲ. ಬಹಳಷ್ಟು ಕಲ್ಲಿಗೇ ಅಂಟಿಕೊಳ್ಳುತ್ತವೆ. ಮೈಯಿಂದ ಲೋಳೆಯಂಥ ಅಂಟು ಬಿಡುತ್ತವೆ, ಆ ಅಂಟಿನಲ್ಲಿ ಫೆರಿಕ್ ಕಬ್ಬಿಣ ಸೇರಿಕೊಂಡಿರುತ್ತದೆ. ಕಲ್ಲಿನ ಮೇಲ್ಮೈಗೂ ಜೀವಕೋಶಕ್ಕೂ ನಡುವಿನ ಆ ತೆಳು ಪದರದಲ್ಲೇ ಎಲೆಕ್ಟ್ರಾನ್ ಕೀಳುವುದು, ಕೊಡುವುದು, ಮತ್ತೆ ಕೀಳುವುದು ನಡೆಯುತ್ತದೆ. ಅಂಟಿಕೊಂಡದ್ದು ಮುಖ್ಯವೋ ತೇಲುವುದು ಮುಖ್ಯವೋ ಅಂತ ದಶಕಗಟ್ಟಲೆ ಜಗಳ ಆಡಿದ್ದಾರೆ. ಎರಡೂ ಕಡೆ ಕೆಲಸ ಮಾಡುವ ರಸಾಯನ ಒಂದೇ ಆದ್ದರಿಂದ ಆ ಜಗಳಕ್ಕೆ ಈಗ ಅಷ್ಟು ಬಿಸಿ ಇಲ್ಲ.

ಎಲ್ಲಾ ಸಲ್ಫೈಡ್ ಅದಿರೂ ಪೈರೈಟಿನ ಹಾಗಲ್ಲ. ಸತುವಿನ ಸ್ಫಾಲರೈಟ್, ಸೀಸದ ಗಲೀನಾ ಇವೆಲ್ಲ ಬರೀ ಆಮ್ಲಕ್ಕೂ ಸ್ವಲ್ಪ ಸೋಲುತ್ತವೆ. ಅಲ್ಲಿ ಗಂಧಕ ನೇರ ಸಲ್ಫೇಟ್ ಆಗದೆ ಮಧ್ಯದಲ್ಲಿ ಗಂಧಕದ ಕಣಗಳಾಗಿ ಉಳಿಯುತ್ತದೆ, ಅದನ್ನು ತಿಂದು ಸಲ್ಫ್ಯೂರಿಕ್ ಆಮ್ಲ ಮಾಡುವುದಕ್ಕೆ ಗಂಧಕಪ್ರಿಯ ಬ್ಯಾಕ್ಟೀರಿಯಾ ಬೇಕು. ಅವುಗಳಲ್ಲಿ ಅಸಿಡಿಥಯೋಬ್ಯಾಸಿಲಸ್ ಥಯೋಆಕ್ಸಿಡಾನ್ಸ್ ಹಳಬ. 1922ರಲ್ಲಿ ಅದನ್ನು ವಿವರಿಸಿದವರು ವಾಕ್ಸ್‌ಮನ್ ಮತ್ತು ಜೋಫೆ. ಹೌದು, ಮುಂದೆ ಸ್ಟ್ರೆಪ್ಟೋಮೈಸಿನ್‌ಗಾಗಿ 1952ರ ನೊಬೆಲ್ ಪಡೆದ ವಾಕ್ಸ್‌ಮನ್ ಅವರೇ.

ನಮ್ಮ ಕಬ್ಬಿಣದ ಬ್ಯಾಕ್ಟೀರಿಯಾ ಬೆಳಕಿಗೆ ಬಂದದ್ದು ಕಲ್ಲಿದ್ದಲು ಗಣಿಗಳ ಆಮ್ಲನೀರಿನಿಂದ. 1947ರಲ್ಲಿ ಅಮೆರಿಕದ ಕೋಲ್ಮರ್ ಮತ್ತು ಹಿಂಕಲ್ ಈ ಆಮ್ಲಕ್ಕೆ ಸೂಕ್ಷ್ಮಜೀವಿಗಳು ಕಾರಣ ಅಂತ ಬರೆದರು, 1951ರಲ್ಲಿ ಟೆಂಪಲ್ ಮತ್ತು ಕೋಲ್ಮರ್ ಅದಕ್ಕೆ ಥಯೋಬ್ಯಾಸಿಲಸ್ ಫೆರೋಆಕ್ಸಿಡಾನ್ಸ್ ಅಂತ ಹೆಸರಿಟ್ಟರು. ಈಗಿನ ಹೆಸರು ಬಂದದ್ದು 2000ದಲ್ಲಿ. ಆದರೆ ಹೆಸರು ಗೊತ್ತಿಲ್ಲದೆಯೇ ಜನ ಇದರಿಂದ ದುಡಿಸಿಕೊಂಡಿದ್ದರು. ಸ್ಪೇನಿನ ರಿಯೋ ಟಿಂಟೋ ಗಣಿಯಲ್ಲಿ 18ನೇ ಶತಮಾನದಲ್ಲೇ ತಾಮ್ರದ ಅದಿರಿನ ರಾಶಿಯಿಂದ ಹರಿದುಬಂದ ನೀರಿಗೆ ಕಬ್ಬಿಣದ ಚೂರುಗಳನ್ನು ಹಾಕುತ್ತಿದ್ದರು. ಕಬ್ಬಿಣ ಕರಗಿ, ಅದರ ಜಾಗದಲ್ಲಿ ಕೆಂಪು ತಾಮ್ರ ಕೂರುತ್ತಿತ್ತು. ಕರಗಿದ ಆ ಕಬ್ಬಿಣ ಫೆರಸ್, ಅಂದರೆ ಮತ್ತೆ ಬ್ಯಾಕ್ಟೀರಿಯಾಕ್ಕೆ ಊಟ!

ಅದೇ ರಿಯೋ ಟಿಂಟೋ ನದಿ ಇವತ್ತಿಗೂ ಸುಮಾರು 100 ಕಿಲೋಮೀಟರ್ ಕೆಂಪಗೆ ಹರಿಯುತ್ತದೆ. ಪಿಎಚ್ 2.3ರ ಆಸುಪಾಸು. ಐದು ಸಾವಿರ ವರ್ಷಗಳ ಗಣಿಗಾರಿಕೆಯ ಪಾಲು ಅದರಲ್ಲಿದೆ. ಆದರೆ ಆ ಸೀಮೆಯ ಪೈರೈಟ್ ಪದರಗಳಿಂದಾಗಿ ಮನುಷ್ಯ ಕೈ ಹಾಕುವ ಮೊದಲೂ ಅಲ್ಲಿ ಇದೇ ರಸಾಯನ ನಡೆದಿತ್ತು. ಫ್ಲಾಸ್ಕಿನಲ್ಲಿ ಕಂಡ ಹಳದಿ ಜಾರೋಸೈಟ್ ಈ ನದಿದಡದಲ್ಲೂ ಸಿಗುತ್ತದೆ. 2004ರಲ್ಲಿ ನಾಸಾದ ಆಪರ್ಚುನಿಟಿ ರೋವರ್ ಮಂಗಳ ಗ್ರಹದಲ್ಲೂ ಜಾರೋಸೈಟ್ ಕಂಡಿತು. ಅಲ್ಲಿ ಒಂದು ಕಾಲದಲ್ಲಿ ಆಮ್ಲದ ನೀರಿತ್ತು ಅನ್ನುವುದಕ್ಕೆ ಅದು ಗುರುತು. ಜೀವ ಇತ್ತು ಅನ್ನುವುದಕ್ಕಲ್ಲ. ಈ ಎರಡನ್ನೂ ಕಲಸಿ ಸುಮ್ನೆ ಸುದ್ದಿ ಮಾಡುವವರು ಜಾಸ್ತಿ.

ಇನ್ನೂ ಆಮ್ಲ ಬೇಕಾದರೆ ಕ್ಯಾಲಿಫೋರ್ನಿಯಾದ ಐರನ್ ಮೌಂಟನ್ ಗಣಿ ಇದೆ. ಅದರೊಳಗಿನ ತೊಟ್ಟಿಕ್ಕುವ ನೀರಿನಲ್ಲಿ ಪಿಎಚ್ ಮೈನಸ್ 3.6 ಅಳೆದು 2000ದಲ್ಲಿ ಪ್ರಕಟಿಸಿದರು. ಅದೇ ಗಣಿಯಲ್ಲಿ ಫೆರೋಪ್ಲಾಸ್ಮಾ ಎಂಬ ಆರ್ಕಿಯಾ (ಬ್ಯಾಕ್ಟೀರಿಯಾ ಅಲ್ಲದ ಇನ್ನೊಂದು ಗುಂಪಿನ ಸೂಕ್ಷ್ಮಜೀವಿ) ಕೂಡ ಕಬ್ಬಿಣ ತಿನ್ನುತ್ತದೆ. ಕೋಶಭಿತ್ತಿಯೇ ಇಲ್ಲ ಅದಕ್ಕೆ, ಬರೀ ಪೊರೆಯ ಮೇಲೆ ಬದುಕು.

ಉದ್ಯಮದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಕಡಿಮೆ ದರ್ಜೆಯ ತಾಮ್ರದ ಅದಿರನ್ನು ರಾಶಿ ಹಾಕಿ, ಮೇಲಿಂದ ಆಮ್ಲ ಚಿಮುಕಿಸಿ, ಒಳಗೆ ಬ್ಯಾಕ್ಟೀರಿಯಾ ಕೆಲಸ ಮಾಡಲು ಬಿಟ್ಟು, ಕೆಳಗೆ ಬಂದ ನೀಲಿ ದ್ರವದಿಂದ ತಾಮ್ರ ತೆಗೆಯುತ್ತಾರೆ. ಚಿಲಿಯ ಲೋ ಅಗೀರ್ರೆ ಗಣಿ 1980ರಲ್ಲೇ ಇದನ್ನು ದೊಡ್ಡ ಮಟ್ಟದಲ್ಲಿ ಮಾಡಿತು. ಚಿನ್ನದಲ್ಲಿ ಕತೆ ಬೇರೆ. ಕೆಲವು ಅದಿರಿನಲ್ಲಿ ಚಿನ್ನದ ಕಣ ಪೈರೈಟ್, ಆರ್ಸೆನೋಪೈರೈಟ್‌ (ಆರ್ಸೆನಿಕ್ ಸೇರಿದ ಅದರ ನೆಂಟ) ಗಳ ಒಳಗೆ ಹುದುಗಿರುತ್ತದೆ, ಚಿನ್ನವನ್ನು ಕರಗಿಸಿ ತೆಗೆಯುವ ಸಯನೈಡಿಗೆ ಕೈಗೆಟಕುವುದಿಲ್ಲ. ಬ್ಯಾಕ್ಟೀರಿಯಾ ಚಿನ್ನವನ್ನು ಮುಟ್ಟುವುದಿಲ್ಲ, ಸುತ್ತಲಿನ ಗೋಡೆ ಕೆಡವುತ್ತದೆ. ದಕ್ಷಿಣ ಆಫ್ರಿಕಾದ ಫೇರ್‌ವ್ಯೂ ಗಣಿಯಲ್ಲಿ 1986ರಿಂದ ದೊಡ್ಡ ಟ್ಯಾಂಕುಗಳಲ್ಲಿ ಇದನ್ನು ಮಾಡುತ್ತಿದ್ದಾರೆ. ಇದನ್ನು ಹಸಿರು ತಂತ್ರಜ್ಞಾನ ಅನ್ನುವವರಿಗೆ ನನ್ನದೊಂದು ತಕರಾರು. ಅದಿರು ಹುರಿಯುವಾಗ ಬರುವ ಗಂಧಕದ ಹೊಗೆ ಇಲ್ಲ, ಒಪ್ಪಿದೆ. ಆದರೆ ಆಮೇಲೆ ಸಯನೈಡ್ ಬೇಕೇ ಬೇಕು, ಕರಗಿ ಬಂದ ಆರ್ಸೆನಿಕ್ಕನ್ನು ಎಲ್ಲಾದರೂ ಭದ್ರವಾಗಿ ಇಡಲೇಬೇಕು. ಫಿನ್ಲೆಂಡಿನ ತಾಲ್ವಿವಾರಾ ನಿಕ್ಕಲ್ ಗಣಿಯ ರಾಶಿ ಚಳಿಗಾಲದಲ್ಲೂ ಒಳಗೆ ಬೆಚ್ಚಗೇ ಇರುತ್ತಿತ್ತು, ಸಲ್ಫೈಡ್ ಉತ್ಕರ್ಷಣೆಯ ಕಾವಿಗೆ. ತಂತ್ರ ಗೆದ್ದಿತ್ತು. ಆದರೆ 2012ರಲ್ಲಿ ಅಲ್ಲಿನ ಜಿಪ್ಸಂ ಕೊಳ ಸೋರಿ ಲೋಹದ ನೀರು ಸುತ್ತಲಿನ ಕೆರೆಗಳಿಗೆ ಸೇರಿತು.

ಇನ್ನು ಪ್ರಶ್ನೆಗಳು.

ಮೊದಲನೆಯದು: "ಇಷ್ಟು ಆಮ್ಲ ತಡೆಯುವ ಬ್ಯಾಕ್ಟೀರಿಯಾವನ್ನು ಕೊಲ್ಲೋದು ಹೇಗೆ?" ತಮಾಷೆ ಏನೆಂದರೆ ವಿನೆಗರ್ ಸಾಕು. ಸಲ್ಫ್ಯೂರಿಕ್ ಆಮ್ಲದಲ್ಲಿ ಈಜುವ ಇದಕ್ಕೆ ಅಸಿಟಿಕ್ ಆಮ್ಲ ವಿಷ. ಹೊರಗಿನ ಪಿಎಚ್ 2ರಲ್ಲಿ ಅಸಿಟಿಕ್ ಆಮ್ಲದ ಅಣು ಪ್ರೋಟಾನನ್ನು ಬಿಟ್ಟುಕೊಡದೆ ಪೂರ್ತಿಯಾಗಿ ಇರುತ್ತದೆ, ಅದಕ್ಕೆ ವಿದ್ಯುದಂಶ ಇಲ್ಲ, ಪೊರೆ ಅದನ್ನು ತಡೆಯುವುದಿಲ್ಲ. ಒಳಗೆ 6.5ಕ್ಕೆ ಬಂದ ಕೂಡಲೇ ಪ್ರೋಟಾನನ್ನು ಬಿಡುತ್ತದೆ. ಹೀಗೆ ಒಂದರ ಹಿಂದೆ ಒಂದು ನುಗ್ಗಿ ಒಳಗೆಲ್ಲಾ ಆಮ್ಲ. ಇದರಿಂದ ಲ್ಯಾಬಿನವರಿಗೂ ಒಂದು ತಲೆನೋವಿತ್ತು. ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಯಲ್ಲಿನ ಅಗರ್, ಅಂದರೆ ಕಡಲಕಳೆಯ ಜೆಲ್ಲಿ, ಆಮ್ಲದಲ್ಲಿ ಚೂರುಚೂರು ಒಡೆದು ಸಕ್ಕರೆಗಳನ್ನು ಬಿಡುತ್ತದೆ, ಆ ಸಾವಯವ ಪದಾರ್ಥವೇ ಇವುಗಳ ಬೆಳವಣಿಗೆಗೆ ಅಡ್ಡಿ. ವೇಲ್ಸಿನ ಬ್ಯಾರಿ ಜಾನ್ಸನ್ ಇದಕ್ಕೆ ಎರಡು ಪದರದ ತಟ್ಟೆ ಮಾಡಿದರು. ಕೆಳಪದರದಲ್ಲಿ ಅಸಿಡಿಫಿಲಿಯಂ ಅನ್ನುವ ಇನ್ನೊಂದು ಆಮ್ಲಪ್ರಿಯ ಬ್ಯಾಕ್ಟೀರಿಯಾ ಕೂತು ಆ ಸಕ್ಕರೆಯನ್ನೆಲ್ಲಾ ತಿಂದು ಹಾಕುತ್ತದೆ. ಮೇಲೆ ಕಬ್ಬಿಣದವು ಆರಾಮಾಗಿ ಬೆಳೆದು ತುಕ್ಕು ಬಣ್ಣದ ಚುಕ್ಕೆಗಳಾಗುತ್ತವೆ. ಗಣಿಯ ನೀರಿನಲ್ಲೂ ಇವೆರಡು ಹೀಗೇ ಜೊತೆಯಾಗಿ ಇರುತ್ತವೆ.

ಎರಡನೆಯದು: "ಗಣಿಗಳಲ್ಲಿ ಕೆಲಸವೆಲ್ಲಾ ಮಾಡೋದು ಇದೊಂದೇನಾ?" ಅಲ್ಲ. ಬಹಳ ಕಾಲ ಹಾಗೇ ನಂಬಿದ್ದರು, ಯಾಕೆಂದರೆ ಫ್ಲಾಸ್ಕಿನಲ್ಲಿ ಸುಲಭವಾಗಿ ಬೆಳೆಯುವುದು ಇದೇ. ಟ್ಯಾಂಕುಗಳಲ್ಲಿ ನೋಡಿದರೆ ಲೆಪ್ಟೋಸ್ಪಿರಿಲ್ಲಂ ಅನ್ನುವ ಸುರುಳಿಯಾಕಾರದ ಬ್ಯಾಕ್ಟೀರಿಯಾ ಮುಂದಿರುತ್ತದೆ. ಫೆರಿಕ್ ಜಾಸ್ತಿ ಆಗಿ ಫೆರಸ್ ತೀರಾ ಕಮ್ಮಿ ಆದಾಗ ಅಸಿಡಿಥಯೋಬ್ಯಾಸಿಲಸ್ ಸುಸ್ತಾಗುತ್ತದೆ, ಲೆಪ್ಟೋಸ್ಪಿರಿಲ್ಲಂ ಉಳಿದ ಚೂರನ್ನೂ ಬಿಡುವುದಿಲ್ಲ. ಅದಕ್ಕೆ ಗಂಧಕ ತಿನ್ನೋಕೆ ಬರುವುದಿಲ್ಲ, ಕಬ್ಬಿಣ ಒಂದೇ ಗೊತ್ತು.

ಕೊನೆಯದು: "ಹಳೇ ಗಣಿಯಲ್ಲಿ ಶುರುವಾದ ಇದನ್ನು ನಿಲ್ಲಿಸಬಹುದಾ?" ನಿಲ್ಲಿಸುವುದು ಕಷ್ಟ, ನಿಧಾನ ಮಾಡಬಹುದು. ಸೋಪಿನ ಜಾತಿಯ ಸೋಡಿಯಂ ಲಾರಿಲ್ ಸಲ್ಫೇಟ್ ಚೆಲ್ಲಿದರೆ ಪೊರೆ ಸಡಿಲವಾಗಿ ಪ್ರೋಟಾನು ನುಗ್ಗಿ ಬ್ಯಾಕ್ಟೀರಿಯಾ ಸಾಯುತ್ತದೆ, ಆದರೆ ಮಳೆ ಬಂದು ಅದನ್ನು ತೊಳೆದ ಮೇಲೆ ಮತ್ತೆ ಹೊಸದಾಗಿ ಹಾಕಬೇಕು. ಸುಣ್ಣ ಹಾಕಿದರೆ ಆಮ್ಲ ಸಾಯುತ್ತದೆ, ಲೋಹಗಳು ಕೆಸರಾಗಿ ಇಳಿಯುತ್ತವೆ, ಆ ಕೆಸರನ್ನು ಎತ್ತಿ ಎಲ್ಲೋ ಹಾಕಬೇಕು, ಪೈರೈಟ್ ಮುಗಿಯುವವರೆಗೂ ಇದೇ ಕೆಲಸ. ಇದ್ದುದರಲ್ಲಿ ಒಳ್ಳೆಯದು ಆಕ್ಸಿಜನ್ ತಪ್ಪಿಸುವುದು. ತ್ಯಾಜ್ಯವನ್ನು ಆಳದ ನೀರಿನ ಕೆಳಗೆ ಇಟ್ಟರೆ ಆಕ್ಸಿಜನ್ ಅಲ್ಲಿಗೆ ತಲುಪುವುದು ಬಹಳ ನಿಧಾನ. ಆದರೆ ಇದನ್ನು ಪೈರೈಟ್ ಗಾಳಿಗೆ ಬೀಳುವ ಮೊದಲೇ ಮಾಡಬೇಕು. ತಡವಾಗಿ ನೀರು ತುಂಬಿಸಿದರೆ ಅಷ್ಟರಲ್ಲಿ ಗಣಿಯ ಗೋಡೆಗಳಲ್ಲಿ ಒಣಗಿ ಕೂತಿದ್ದ ಫೆರಿಕ್ ಲವಣಗಳೆಲ್ಲಾ ಒಮ್ಮೆಲೇ ಕರಗುತ್ತವೆ. ಫೆರಿಕ್ ಕಲ್ಲನ್ನು ಒಡೆಯೋಕೆ ಆಕ್ಸಿಜನ್ ಬೇಕಿಲ್ಲ ಅನ್ನುವುದನ್ನು ನೆನಪಿಡಿ. ಅದು ಪೂರ್ತಿ ಖರ್ಚಾಗುವವರೆಗೂ ನೀರಿನ ಕೆಳಗೂ ಪೈರೈಟ್ ಒಡೆಯುತ್ತಲೇ ಇರುತ್ತದೆ.